ನಮ್ಮ ಸೀಮೆಯ ಕೊಕ್ಕರೆಗಳು: ಕಂಡದ್ದು, ಕೇಳಿದ್ದು, ಫೋಟೋ ಹಿಡಿದದ್ದು



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರತರುವ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲ ಒಂದೊಂದು ಲೇಖನ ಕೊಡಬೇಕೆಂದು ತೀರ್ಮಾನವಾಯಿತು. ಸಂಘ ಹುಟ್ಟಿದ ಕಥೆ, ಹಾಲಿನ ಲೆಕ್ಕ, ಬೋನಸ್ಸಿನ ಲೆಕ್ಕ ಬರೆಯಲು ನಮಗಿಂತ ತಿಳಿದವರು ಇದ್ದಾರೆ. ನಮ್ಮ ಓದು ಎಸ್.ಎಸ್.ಎಲ್.ಸಿ.ಗೆ ನಿಂತುಹೋಯಿತು. ಆದ್ದರಿಂದ ನಾವು ಕಣ್ಣಾರೆ ಕಂಡು, ಹಿರಿಯರಿಂದ ಕೇಳಿ ತಿಳಿದ ಒಂದು ವಿಷಯವನ್ನೇ ಬರೆಯುತ್ತೇವೆ ಎಂದು ಸಭೆಯಲ್ಲಿ ಹೇಳಿದೆವು. ವಿಷಯ ಕೊಕ್ಕರೆ ಎಂದಾಗ "ಡೇರಿ ಪುಸ್ತಕದಲ್ಲಿ ಕೊಕ್ಕರೆಗೇನು ಕೆಲಸ?" ಎಂದು ಕೆಲವರು ನಕ್ಕರು. ಕೆಲಸ ಇದೆ. ದಯವಿಟ್ಟು ಕೊನೆಯವರೆಗೆ ಓದಬೇಕು.

ಬೆಳಗಿನ ಹೊತ್ತು ಹಾಲು ಹಾಕಲು ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ಯಾರಾದರೂ ಆಗಾಗ ತಲೆ ಎತ್ತಿ ನೋಡಿರಬಹುದು. ಸಂಕ್ರಾಂತಿ ಕಳೆದ ಮೇಲೆ ಶಿವರಾತ್ರಿಯವರೆಗೆ, ಮಂಜು ಸ್ವಲ್ಪ ಸರಿದ ಹೊತ್ತಿಗೆ, ಐದು, ಆರು, ಕೆಲವು ದಿನ ಹತ್ತು ಹನ್ನೆರಡು ದೊಡ್ಡ ಹಕ್ಕಿಗಳು ಕತ್ತು ಮುಂದಕ್ಕೆ ಚಾಚಿ, ಕಾಲು ಹಿಂದಕ್ಕೆ ಚಾಚಿ, ಅವಸರವಿಲ್ಲದೆ ಹೋಗುತ್ತವೆ. ಅವು ಯಾವುವು, ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ಹುಡುಕುತ್ತಾ ಹೋದದ್ದೇ ನಮ್ಮ ಈ ಹುಚ್ಚಿನ ಶುರು.

ನಮ್ಮ ಊರು, ಅವುಗಳ ಊರು

ನಿಡಘಟ್ಟದ ಹೆಸರು ಈಚೆಗೆ ಪೇಪರಿನಲ್ಲಿ ಬಹಳ ಬಂತು. ಬೆಂಗಳೂರು ಮೈಸೂರು ಹೊಸ ಹೆದ್ದಾರಿಯನ್ನು ಎರಡು ಭಾಗ ಮಾಡಿ, ಬೆಂಗಳೂರಿನಿಂದ ನಿಡಘಟ್ಟ 56 ಕಿ.ಮೀ., ನಿಡಘಟ್ಟದಿಂದ ಮೈಸೂರು 61 ಕಿ.ಮೀ. ಎಂದು ಕೆಲಸ ನಡೆಸಿದರು. 2023ರ ಮಾರ್ಚ್ 12ರಂದು ಉದ್ಘಾಟನೆಯೂ ಆಯಿತು. ರಸ್ತೆಯವರಿಗೆ ನಮ್ಮ ಊರು ಒಂದು ಗಡಿಕಲ್ಲು. ಕೊಕ್ಕರೆಗಳಿಗೆ ಮಾತ್ರ ಇಂಥ ಗಡಿ ಯಾವುದೂ ಇಲ್ಲ.

ನಮ್ಮಿಂದ ಮದ್ದೂರಿನ ಕಡೆ ಹೋಗುವಾಗ ಸಿಗುವ ರುದ್ರಾಕ್ಷಿಪುರದಲ್ಲಿ ಎಡಕ್ಕೆ ತಿರುಗಿ ಸುಮಾರು 12 ಕಿ.ಮೀ. ಹೋದರೆ ಕೊಕ್ಕರೆ ಬೆಳ್ಳೂರು. ನಾಗಮಂಗಲದ ಕಡೆ ಇನ್ನೊಂದು ಬೆಳ್ಳೂರು ಇರುವುದರಿಂದ ಇದಕ್ಕೆ ಕೊಕ್ಕರೆಯ ಹೆಸರು ಸೇರಿಕೊಂಡಿದೆ. ಶಿಂಷಾ ಹೊಳೆಗೆ ಹತ್ತಿರದ ಊರು. ನಮ್ಮ ತಾಲ್ಲೂಕಿನದೇ. ಮನೆಗಳ ನಡುವೆ, ಬೀದಿ ಪಕ್ಕ, ಹಿತ್ತಲಲ್ಲಿ ಬೆಳೆದ ಹುಣಸೆ, ಅರಳಿ, ಆಲದ ಮರಗಳಲ್ಲಿ ಈ ಹಕ್ಕಿಗಳು ಗೂಡು ಕಟ್ಟುತ್ತವೆ. ಕೆಳಗೆ ಹೆಂಗಸರು ಪಾತ್ರೆ ತೊಳೆಯುತ್ತಿರುತ್ತಾರೆ, ಮೇಲೆ ಹಕ್ಕಿ ಮೊಟ್ಟೆಗೆ ಕಾವು ಕೊಡುತ್ತಿರುತ್ತದೆ.

ಅಲ್ಲಿಗೆ ಬರುವ ದೊಡ್ಡ ಹಕ್ಕಿಗಳಲ್ಲಿ ಮುಖ್ಯವಾದವು ಎರಡು. ಒಂದು ಬಣ್ಣದ ಕೊಕ್ಕರೆ, ಇನ್ನೊಂದು ಹೆಜ್ಜಾರ್ಲೆ. ನಾವು ಎರಡನ್ನೂ ಕೊಕ್ಕರೆ ಎಂದೇ ಕರೆಯುತ್ತೇವೆ, ಆದರೆ ಜಾತಿ ಬೇರೆ, ಕಸುಬೂ ಬೇರೆ. ಹೆಜ್ಜಾರ್ಲೆ ಗಿಡ್ಡ ಕಾಲಿನದು, ಕೊಕ್ಕಿನ ಕೆಳಗೆ ಚೀಲ ಇರುತ್ತದೆ, ನೀರಿನ ಮೇಲೆ ತೇಲುತ್ತಾ ಮೀನನ್ನು ಮೊಗೆದುಕೊಳ್ಳುತ್ತದೆ. ಬಣ್ಣದ ಕೊಕ್ಕರೆ ಉದ್ದ ಕಾಲಿನದು, ನೀರಿನಲ್ಲಿ ನಡೆದು ಮೇಯುವಂಥದು. ಮೈ ಬಿಳುಪು, ಎದೆಯ ಮೇಲೆ ಕಪ್ಪು ಪಟ್ಟಿ, ಬೆನ್ನಿನ ಹಿಂದೆ ಸೀರೆ ಸೆರಗಿನ ಹಾಗೆ ಗುಲಾಬಿ ಗರಿ, ತಲೆಯ ಮೇಲೆ ಗರಿ ಇಲ್ಲದ ಕಿತ್ತಳೆ ಬಣ್ಣದ ಚರ್ಮ. ರೆಕ್ಕೆ ಬಿಚ್ಚಿದರೆ ಐದು ಅಡಿ. ಹೆಜ್ಜಾರ್ಲೆ ಮುಂಗಾರು ಮುಗಿದ ಮೇಲೆ ಮೊದಲು ಬರುತ್ತದೆ. ಬಣ್ಣದ ಕೊಕ್ಕರೆ ಸಾಮಾನ್ಯವಾಗಿ ಸಂಕ್ರಾಂತಿಯ ಆಸುಪಾಸಿನಲ್ಲಿ. ಮೇ, ಜೂನ್ ಹೊತ್ತಿಗೆ ಮರಿಗಳೊಂದಿಗೆ ಹೊರಟುಬಿಡುತ್ತವೆ.

ಬಣ್ಣದ ಕೊಕ್ಕರೆ ಮೀನು ಹಿಡಿಯುವುದನ್ನು ಕೆರೆ ಏರಿಯ ಮೇಲೆ ಕೂತು ನಾವು ಎಷ್ಟೋ ಸಲ ನೋಡಿದ್ದೇವೆ. ಅದು ಬೆಳ್ಳಕ್ಕಿಯ ಹಾಗೆ ಕಣ್ಣಿಟ್ಟು ಕಾಯುವುದಿಲ್ಲ. ಕೊಕ್ಕನ್ನು ಅರೆಬಾಯಿ ತೆರೆದು ನೀರಿನಲ್ಲಿ ಅದ್ದಿ, ಅತ್ತ ಇತ್ತ ಬೀಸುತ್ತಾ, ಕಾಲಲ್ಲಿ ಕೆಸರು ಕೆದಕುತ್ತಾ ಮುಂದೆ ಹೋಗುತ್ತದೆ. ಮೀನು ಕೊಕ್ಕಿಗೆ ತಗುಲಿದ ಕೂಡಲೇ ಕಚಕ್ ಎಂದು ಮುಚ್ಚುತ್ತದೆ. ಕುರುಡರು ಕೈಯಾಡಿಸಿ ಹುಡುಕಿದ ಹಾಗೆ. ಅದಕ್ಕೇ ಅದಕ್ಕೆ ಮೊಣಕಾಲುದ್ದದ ತೆಳು ನೀರೇ ಬೇಕು, ಆಳವಾದ ನೀರು ನಿಷ್ಪ್ರಯೋಜಕ. ಇದನ್ನು ನೆನಪಿನಲ್ಲಿಡಿ, ಮುಂದೆ ಕೆರೆಯ ಮಾತು ಬಂದಾಗ ಬೇಕಾಗುತ್ತದೆ. ತೈಲೂರು ಕೆರೆ, ಮದ್ದೂರು ಕೆರೆ, ಸೂಳೆಕೆರೆ, ಶಿಂಷಾ ಹೊಳೆಯ ಮಡುಗಳು, ಇವೆಲ್ಲ ಬೆಳ್ಳೂರಿನ ಹಕ್ಕಿಗಳ ಉಣ್ಣುವ ಮನೆಗಳು. ಗೂಡು ಒಂದು ಊರಿನಲ್ಲಿ, ಅನ್ನ ಹತ್ತೂರಿನಲ್ಲಿ.

ಬೆಳ್ಳೂರಿನ ಚರಿತ್ರೆ

ಹಿರಿಯರು ಹೇಳುವ ಪ್ರಕಾರ ಹಳೆಯ ಬೆಳ್ಳೂರು ಹೊಳೆಗೆ ಇನ್ನೂ ಹತ್ತಿರ ಇತ್ತು. 1916ರಲ್ಲಿ ಪ್ಲೇಗು ಬಂದು ಜನ ಊರು ಬಿಟ್ಟು ಈಗಿನ ಜಾಗಕ್ಕೆ ಬಂದರು. ಆಗ ಹಕ್ಕಿಗಳೂ ಹಿಂದೆಯೇ ಬಂದವಂತೆ. ಮನುಷ್ಯರನ್ನು ಹುಡುಕಿಕೊಂಡು ಬಂದ ಹಕ್ಕಿಗಳು ಎಂದು ಅಲ್ಲಿಯ ಜನ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಕೊಕ್ಕರೆ ಬಂದರೆ ಮಳೆ ಬೆಳೆ ಚೆನ್ನಾಗಿ ಆಗುತ್ತದೆ ಎಂಬ ನಂಬಿಕೆಯೂ ಇದೆ.

ಬರಹದಲ್ಲಿರುವ ಚರಿತ್ರೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಜರ್ಡನ್ ಎಂಬ ಬ್ರಿಟಿಷ್ ಡಾಕ್ಟರು ಭಾರತದ ಹಕ್ಕಿಗಳ ಮೇಲೆ ಬರೆದು 1864ರಲ್ಲಿ ಮುಗಿಸಿದ ಪುಸ್ತಕದಲ್ಲಿ, ಕರ್ನಾಟಿಕ್ ಸೀಮೆಯ ಒಂದು ಹಳ್ಳಿಯ ನಡುವೆಯೇ ಹೆಜ್ಜಾರ್ಲೆಗಳು ಗೂಡು ಕಟ್ಟಿ, ಜನರಿಗೆ ಹೆದರದೆ ಇದ್ದದ್ದನ್ನು ತಾವು ಕಂಡದ್ದಾಗಿ ಹೇಳಿದ್ದಾರೆ. ಅವರು ಊರಿನ ಹೆಸರು ಬರೆದಿಲ್ಲ. ಅದು ಬೆಳ್ಳೂರೇ ಎಂದು ನಾವು ಹಟ ಮಾಡುವುದಿಲ್ಲ. ಹಳ್ಳಿಯ ಜನರೂ ದೊಡ್ಡ ಹಕ್ಕಿಗಳೂ ಒಟ್ಟಿಗೆ ಬಾಳುವ ಪದ್ಧತಿ ನಮ್ಮ ದಕ್ಷಿಣದಲ್ಲಿ ನೂರೈವತ್ತು ವರ್ಷಕ್ಕೂ ಹಳೆಯದು ಎಂಬುದಕ್ಕೆ ಅದು ಸಾಕ್ಷಿ, ಅಷ್ಟು ಸಾಕು.

ಬೆಳ್ಳೂರನ್ನು ಹೊರಗಿನ ಪ್ರಪಂಚಕ್ಕೆ ತಿಳಿಸಿದವರು ಅರಣ್ಯ ಇಲಾಖೆಯ ಅಧಿಕಾರಿ ಎಸ್.ಜಿ. ನೇಗಿನಹಾಳರು. 1976ರಲ್ಲಿ ಅವರು ಈ ಊರಿನ ಹೆಜ್ಜಾರ್ಲೆಗಳ ವಿಷಯ ಬರೆದ ಮೇಲೆ ವಿದ್ವಾಂಸರು ಬರಲು ಶುರುವಾದರು. ಆಮೇಲೆ ಗೂಡಿರುವ ಮರದ ಯಜಮಾನರಿಗೆ ಸರ್ಕಾರದಿಂದ ಪರಿಹಾರ ಕೊಡುವ ಏರ್ಪಾಡೂ ಬಂತು.

ಪರಿಹಾರ ಯಾಕೆ ಎಂಬುದನ್ನು ಪಟ್ಟಣದವರಿಗೆ ಬಿಡಿಸಿ ಹೇಳಬೇಕಾಗುತ್ತದೆ, ನಮಗೆ ಬೇಕಿಲ್ಲ. ಹುಣಸೆ ಹಣ್ಣಾಗುವುದೂ ಕೊಕ್ಕರೆ ಮರಿ ಮಾಡುವುದೂ ಒಂದೇ ಕಾಲದಲ್ಲಿ. ಶಿವರಾತ್ರಿ ಹೊತ್ತಿಗೆ ಮರ ಹತ್ತಿ ಕೊಂಬೆ ಅಲ್ಲಾಡಿಸಿ, ಗಳುವಿನಲ್ಲಿ ಬಡಿದು ಹಣ್ಣು ಉದುರಿಸಬೇಕು. ಗೂಡಿರುವ ಮರವನ್ನು ಬಡಿದರೆ ಮೊಟ್ಟೆ ಮರಿ ಎಲ್ಲ ನೆಲಕ್ಕೆ. ಬಡಿಯದಿದ್ದರೆ ಆ ವರ್ಷದ ಫಸಲು ಹೋಯಿತು. ಒಂದು ದೊಡ್ಡ ಹುಣಸೆ ಮರದ ಫಸಲು ಬಡ ರೈತನ ಮನೆಗೆ ಹಬ್ಬದ ಖರ್ಚು, ಮಕ್ಕಳ ಬಟ್ಟೆ, ಸಂತೆಯ ಸಾಲ ತೀರಿಸುವ ದುಡ್ಡು. ಅದನ್ನು ವರ್ಷ ವರ್ಷ ಬಿಟ್ಟುಕೊಟ್ಟವರು ಬೆಳ್ಳೂರಿನ ಜನ. ಸರ್ಕಾರದ ದುಡ್ಡು ಬರುವುದಕ್ಕೂ ಎಷ್ಟೋ ತಲೆಮಾರು ಮೊದಲೇ ಬಿಟ್ಟುಕೊಟ್ಟಿದ್ದರು.

ಅವರಿಗೂ ಒಂದು ಆದಾಯ ಇತ್ತು, ಸುಳ್ಳು ಹೇಳಬಾರದು. ಮರದ ಬುಡಕ್ಕೆ ಕೆರೆಗೋಡು ತಂದು ಹರಡುತ್ತಾರೆ. ಹಕ್ಕಿಗಳ ಹಿಕ್ಕೆ ತಿಂಗಳುಗಟ್ಟಲೆ ಅದರ ಮೇಲೆ ಬಿದ್ದು ಒಳ್ಳೆಯ ಗೊಬ್ಬರವಾಗುತ್ತದೆ. ಅದನ್ನು ಗದ್ದೆ ಹೊಲಕ್ಕೆ ಹೊಡೆಯುತ್ತಾರೆ. ಆದರೆ ಮೀನಿನ ನಾತ, ಅಂಗಳದ ಗಲೀಜು, ಒಣಹಾಕಿದ ಬಟ್ಟೆಯ ಮೇಲೆ ಬೀಳುವುದು, ಇವನ್ನೆಲ್ಲ ಆರು ತಿಂಗಳು ಸಹಿಸಬೇಕು. ಯಾಕೆ ಸಹಿಸುತ್ತೀರಿ ಎಂದರೆ ಅವರು ಕೊಡುವ ಉತ್ತರ ಒಂದೇ: ತವರಿಗೆ ಹೆರಿಗೆಗೆ ಬಂದ ಹೆಣ್ಣುಮಕ್ಕಳನ್ನು ಯಾರಾದರೂ ಹೊರಗೆ ಕಳಿಸುತ್ತಾರೆಯೇ?

1994ರ ಸುಮಾರಿಗೆ ಮೈಸೂರಿನ ಹವ್ಯಾಸಿ ನಿಸರ್ಗಪ್ರೇಮಿಗಳ ಸಂಸ್ಥೆಯವರು, ಅಂದರೆ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್‌ನವರು, ಊರಿನ ಯುವಕರ ಜೊತೆ ಕೆಲಸ ಶುರು ಮಾಡಿದರು. ಹೆಜ್ಜಾರ್ಲೆ ಬಳಗ ಎಂಬ ಗುಂಪು ಕಟ್ಟಿಕೊಂಡರು. ಗಾಳಿಗೆ, ಜಗಳಕ್ಕೆ ಗೂಡಿನಿಂದ ಕೆಳಗೆ ಬಿದ್ದ ಮರಿಗೆ ತಾಯಿ ನೆಲಕ್ಕಿಳಿದು ಗುಟುಕು ಕೊಡುವುದಿಲ್ಲ. ಅಂಥ ಮರಿಗಳನ್ನು ಎತ್ತಿ ತಂದು ಆವರಣದೊಳಗೆ ಇಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುತ್ತಾರೆ. 2007ರಲ್ಲಿ ಸರ್ಕಾರ ಬೆಳ್ಳೂರನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. ಜನರನ್ನು ಹೊರಗೆ ಹಾಕದೆ, ಜನರ ಕೈಯಲ್ಲೇ ಹಕ್ಕಿಗಳನ್ನು ಒಪ್ಪಿಸಿದ ಏರ್ಪಾಡು ಅದು.

ನಮ್ಮ ಫೋಟೋ ಹುಚ್ಚು

ನಾವು ಬೆಳ್ಳೂರನ್ನು ಮೊದಲು ಕಂಡದ್ದು ಹೈಸ್ಕೂಲಿನಲ್ಲಿದ್ದಾಗ, ಬಾಡಿಗೆ ಸೈಕಲ್ಲಿನಲ್ಲಿ, ಮನೆಯಲ್ಲಿ ಹೇಳದೆ. ಫೋಟೋ ತೆಗೆಯಬೇಕು ಅನ್ನಿಸಿದ್ದು 1999ರಲ್ಲಿ. ಅಕ್ಕನ ಮದುವೆ ಗೊತ್ತಾದಾಗ ಮದ್ದೂರಿನ ಒಂದು ಸ್ಟುಡಿಯೋದಿಂದ ಹಾಟ್‌ಶಾಟ್ ಕ್ಯಾಮೆರಾ ಬಾಡಿಗೆಗೆ ತಂದೆವು. ರೀಲಿನಲ್ಲಿ 36 ಫೋಟೋ. ಅದರಲ್ಲಿ ಹನ್ನೊಂದನ್ನು ಬೆಳ್ಳೂರಿಗೆ ಹೋಗಿ ಕೊಕ್ಕರೆಗೆ ಖರ್ಚು ಮಾಡಿದ್ದು ತೊಳೆಸಿ ತಂದ ಮೇಲೆ ಅಪ್ಪನಿಗೆ ಗೊತ್ತಾಯಿತು. ಹನ್ನೊಂದರಲ್ಲೂ ಒಂದು ದೊಡ್ಡ ಮರ, ಮರದ ತುಂಬ ಸುಣ್ಣ ಎರಚಿದ ಹಾಗೆ ಬಿಳಿ ಚುಕ್ಕೆ. "ಇದಕ್ಕಾ ದುಡ್ಡು ಕೊಟ್ಟದ್ದು?" ಎಂದು ಬೈಸಿಕೊಂಡೆವು.

ಆ ದಿನ ಇನ್ನೊಂದು ಬೈಗಳವನ್ನೂ ತಿಂದಿದ್ದೆವು. ಕೂತ ಹಕ್ಕಿ ಚೆನ್ನಾಗಿ ಕಾಣುವುದಿಲ್ಲ, ಹಾರಿದರೆ ಚೆಂದ ಎಂದು ಮರದ ಕೆಳಗೆ ನಿಂತು ಚಪ್ಪಾಳೆ ತಟ್ಟಿದೆವು, ಹಾರಲಿಲ್ಲ. ಒಂದು ಹೆಂಟೆ ಎತ್ತಿ ಬೀಸಿದೆವು. ಹತ್ತಾರು ಹಕ್ಕಿ ದಡಬಡನೆ ಎದ್ದವು. ಎದುರು ಮನೆಯ ಜಗುಲಿಯಿಂದ ಒಬ್ಬ ಅಜ್ಜಿ ಪೊರಕೆ ಹಿಡಿದೇ ಬಂದರು. "ಏನ್ಲಾ ಮಗ, ನಿಮ್ಮೂರಲ್ಲಿ ಬಾಣಂತಿ ಮನೆಗೆ ಹಿಂಗೇಯಾ ನುಗ್ಗದು? ತಾಯಿ ಎದ್ರೆ ಮೊಟ್ಟೆ ಬಿಸ್ಲಿಗೆ ಬೇಯ್ತದೆ ಕಣ್ಲಾ!" ಎಂದರು. ತಲೆ ತಗ್ಗಿಸಿ ನಿಂತೆವು. ಆಮೇಲೆ ಅವರೇ ಮಜ್ಜಿಗೆ ಕೊಟ್ಟರು.

ಬಿಸಿಲು ಏರಿದಾಗ ಕೊಕ್ಕರೆ ಗೂಡಿನಲ್ಲಿ ಎರಡೂ ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಮಾಡಿ ನಿಲ್ಲುತ್ತದೆ, ತಾನು ಬಿಸಿಲು ಕುಡಿಯುತ್ತದೆ. ಇದನ್ನು ನಾವು ಕಣ್ಣಿಟ್ಟು ನೋಡಿದ್ದು ಅಜ್ಜಿಯ ಮಾತು ಕೇಳಿದ ಮೇಲೆಯೇ. ಈಗ ಕಾರಿನಲ್ಲಿ ಬರುವವರು ಕೈಯಲ್ಲಿ ಮೊಬೈಲು ಹಿಡಿದು ಚಪ್ಪಾಳೆ ತಟ್ಟುವುದನ್ನು ಕಂಡರೆ ನಮಗೆ ಕೋಪ ಬರುವ ಮೊದಲು ನಾಚಿಕೆ ಬರುತ್ತದೆ.

ಮೂಡಿಗೆರೆಯ ತೇಜಸ್ವಿಯವರು ತೋಟ ಮಾಡಿಕೊಂಡೇ ಮನೆಯ ಸುತ್ತ ಹಕ್ಕಿಗಳ ಫೋಟೋ ತೆಗೆದು ಕನ್ನಡದಲ್ಲಿ ಪುಸ್ತಕ ಮಾಡಿದವರು. ರೈತನಿಗೂ ಇದು ಆಗದ ಕೆಲಸವಲ್ಲ ಎಂಬ ಧೈರ್ಯ ನಮಗೆ ಬಂದದ್ದು ಅವರಿಂದ. ಅವರ ಹಾಗೆ ಕ್ಯಾಮೆರಾ ಕಟ್ಟಿ ಕಾಯುವ ಶಕ್ತಿ ನಮಗಿಲ್ಲ. ನಮ್ಮದು ಎಮ್ಮೆಯ ವಿದ್ಯೆ. ಕೊಕ್ಕರೆ, ಬೂದು ಬಕ, ಕೆಂಬರಲು ಯಾವುದೂ ದನಕ್ಕೆ ಹೆದರುವುದಿಲ್ಲ. ಕೆರೆಯ ಅಂಚಿನಲ್ಲಿ ಎಮ್ಮೆ ಮೇಯಿಸುತ್ತಾ ಅದರ ಹಿಂದೆ ಮೆಲ್ಲಗೆ ಹೋಗಿ, ಸೂರ್ಯ ಬೆನ್ನಿಗಿರುವಂತೆ ಕುಕ್ಕುರುಗಾಲಲ್ಲಿ ಕೂತರೆ ಅರ್ಧ ಗಂಟೆಯಲ್ಲಿ ಹಕ್ಕಿಯೇ ಮೇಯುತ್ತಾ ಹತ್ತಿರ ಬರುತ್ತದೆ. ಮಗನ ಮೊಬೈಲಿನಲ್ಲಿ ನಾವು ತೆಗೆದ ಒಳ್ಳೆಯ ಚಿತ್ರಗಳೆಲ್ಲ ಹೀಗೆ ಬಂದವು. ಎರಡರಲ್ಲಿ ಎಮ್ಮೆಯ ಕೊಂಬೂ ಬಂದಿದೆ.

ನಮ್ಮ ಹುಣಸೆ ಮರ

ಈಗ ಹೇಳುವುದು ನಮ್ಮ ಮನೆಯ ಮಾತು. ನಮ್ಮ ಹೊಲದ ಬದುವಿನಲ್ಲಿ ತಾತನ ಕಾಲದ ಒಂದು ಹುಣಸೆ ಮರ ಇತ್ತು. ಚಳಿಗಾಲದಲ್ಲಿ ಐದಾರು ಬಣ್ಣದ ಕೊಕ್ಕರೆ ರಾತ್ರಿ ಅಲ್ಲಿ ತಂಗುತ್ತಿದ್ದವು. 2001ರಿಂದ ಮೂರು ವರ್ಷ ಸತತ ಬರ. 2003ರ ಹೊತ್ತಿಗೆ ನಮ್ಮ ಬೋರು ಬತ್ತಿತು, ಅಕ್ಕನ ಮದುವೆಯ ಸಾಲ ತೀರಿರಲಿಲ್ಲ, ಎರಡು ಹಸುವಿಗೆ ಮೇವಿಲ್ಲ. ಇಟ್ಟಿಗೆ ಗೂಡಿಗೆ ಸೌದೆ ಹೊಡೆಯುವವರು ಮರಕ್ಕೆ ಬೆಲೆ ಕಟ್ಟಿದರು. ಅಪ್ಪ ಮುಂಗಡ ಈಸಿಕೊಂಡರು.

ಆ ವರ್ಷವೇ ಮೂರು ಜೋಡಿ ಕೊಕ್ಕರೆ ನಮ್ಮ ಮರಕ್ಕೆ ಕಡ್ಡಿ ತರಲು ಶುರು ಮಾಡಿದವು. ಅದಕ್ಕೆ ಮುಂಚೆ ಎಂದೂ ಗೂಡು ಕಟ್ಟಿದವಲ್ಲ. ನಾವು ಅಪ್ಪನಿಗೆ ಹೇಳಿದೆವು, "ಎರಡು ತಿಂಗಳು ತಡೆಯೋಣ." ಅಪ್ಪನಿಗೂ ಮನಸ್ಸಿರಲಿಲ್ಲ. "ಮಾತು ಕೊಟ್ಟಾಗದೆ, ದುಡ್ಡು ಬೋರಿಗೆ ಹೋಗದೆ" ಎಂದರು. ಮರ ಕಡಿದ ಮೇಲೆ ಎರಡು ಸಂಜೆ ಹಕ್ಕಿಗಳು ಬಂದು ಸುತ್ತು ಹಾಕಿದವು. ಮೂರನೆಯ ಸಂಜೆ ಬರಲಿಲ್ಲ. ಹೊಸ ಬೋರಿನಲ್ಲೂ ನೀರು ಬರಲಿಲ್ಲ.

ಆಗ ನಮ್ಮ ಸಂಘ ಇನ್ನೂ ಎಳೆಯದು. ಸಂಘಕ್ಕೆ ಹೋಗಿ ಕಷ್ಟ ಹೇಳಿಕೊಳ್ಳಬಹುದು ಎಂಬುದು ನಮಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ನಾಚಿಕೆಯಾಗುತ್ತಿತ್ತು. ಅದೇ ಬರ ಬೆಳ್ಳೂರಿನವರಿಗೂ ಬಂದಿತ್ತು, ಅವರೇನು ನಮಗಿಂತ ಶ್ರೀಮಂತರಲ್ಲ. ಆದರೂ ಅಲ್ಲಿ ಗೂಡಿನ ಮರ ಉಳಿದವು, ನಮ್ಮದು ಉಳಿಯಲಿಲ್ಲ. ಬಹಳ ವರ್ಷ ಯೋಚಿಸಿ ನಮಗೆ ತಿಳಿದದ್ದು ಇಷ್ಟು. ಅಲ್ಲಿ ಮರ ಒಬ್ಬನದಾದರೂ ಹಕ್ಕಿ ಇಡೀ ಊರಿನದು. ಒಬ್ಬ ಫಸಲು ಬಿಟ್ಟರೆ ಪಕ್ಕದವನೂ ಬಿಟ್ಟಿರುತ್ತಾನೆ, ಕಡಿಯಲು ಹೊರಟರೆ ಹತ್ತು ಜನ ಬಂದು ಕೇಳುತ್ತಾರೆ. ಇಲ್ಲಿ ನಾವು ಒಬ್ಬರೇ ಇದ್ದೆವು. ಒಬ್ಬನೇ ಧರ್ಮ ಮಾಡಿದರೆ ಅದು ಮೊದಲ ಬರದವರೆಗೆ ಮಾತ್ರ ಬಾಳುತ್ತದೆ.

ಈ ಸಂಚಿಕೆಗೆ ಫೋಟೋ ಹುಡುಕುವಾಗ ಅದೇ 1999ರ ರೀಲಿನ ಒಂದು ಚಿತ್ರ ಸಿಕ್ಕಿತು. ಮದುವೆಗೆ ಮುಂಚೆ ಅಕ್ಕ ಕರುವಿನ ಹಗ್ಗ ಹಿಡಿದು ಹೊಲದಲ್ಲಿ ನಿಂತಿದ್ದಾಳೆ. ಹಿಂದೆ ಹುಣಸೆ ಮರ, ಮರದಲ್ಲಿ ಆರು ಬಿಳಿ ಚುಕ್ಕೆ. ಆ ಮರದ್ದು ಉಳಿದಿರುವುದು ಅದೊಂದೇ ಫೋಟೋ.

ಬೇರೆ ಕಡೆಯ ಮಾತು

ನಮ್ಮ ಜಿಲ್ಲೆಯಲ್ಲೇ ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟು ಇದೆ. ಪಕ್ಷಿ ಪಂಡಿತ ಸಲೀಂ ಅಲಿಯವರ ಸಲಹೆಯ ಮೇಲೆ 1940ರಲ್ಲಿ ಮೈಸೂರು ಅರಸರು ಅದನ್ನು ಪಕ್ಷಿಧಾಮ ಮಾಡಿದರು. ಅಲ್ಲಿ ಸುತ್ತ ಕಾವೇರಿ, ನೀರಿನಲ್ಲಿ ಮೊಸಳೆ, ಹಕ್ಕಿಗಳಿಗೆ ಅದೇ ಕಾವಲು. ಬೆಳ್ಳೂರಿನಲ್ಲಿ ಹೊಳೆಯೂ ಇಲ್ಲ ಬೇಲಿಯೂ ಇಲ್ಲ, ಜನರೇ ಕಾವಲು. ಆಂಧ್ರದ ಗಡಿಯಲ್ಲಿ, ನಮ್ಮ ಬಾಗೇಪಲ್ಲಿಯ ಆಚೆ, ವೀರಾಪುರ ಎಂಬ ಹಳ್ಳಿಯಲ್ಲೂ ಇದೇ ಬಣ್ಣದ ಕೊಕ್ಕರೆಗಳು ಹುಣಸೆ ಮರದಲ್ಲಿ ಗೂಡು ಕಟ್ಟುತ್ತವೆ, ಅಲ್ಲಿಯ ರೈತರೂ ಕಾಪಾಡಿಕೊಂಡು ಬಂದಿದ್ದಾರೆ.

ಕಾಯುವವರಿಲ್ಲದ ಕಡೆ ಏನಾಯಿತು ಎಂಬುದಕ್ಕೂ ಉದಾಹರಣೆ ಇದೆ. ಬರ್ಮಾ ದೇಶದ ಸಿತ್ತಾಂಗ್ ನದಿಯ ಬಯಲಿನಲ್ಲಿ 1877ರಲ್ಲಿ ಓಟ್ಸ್ ಎಂಬ ಇಂಗ್ಲಿಷರು ಕಾಡಿನ ತುಂಬ ಹೆಜ್ಜಾರ್ಲೆ ಗೂಡುಗಳನ್ನು ಕಂಡು ಬರೆದಿದ್ದರು. 1930ರ ದಶಕ ಮುಗಿಯುವುದರೊಳಗೆ ಅವು ಅಲ್ಲಿಂದ ಪೂರಾ ಮಾಯವಾದವು. ಅಷ್ಟು ದೊಡ್ಡ ಕಾಡಿನಲ್ಲಿ ಉಳಿಯದ ಹಕ್ಕಿ ನಮ್ಮ ಹಿತ್ತಲಿನ ಹುಣಸೆ ಮರದಲ್ಲಿ ಉಳಿದಿದೆ.

ಇಲ್ಲಿಯೂ ಎಲ್ಲ ಸುಖವಾಗಿದೆ ಎಂದಲ್ಲ. 2017ರ ಕೊನೆ ಮತ್ತು 2018ರ ಮೊದಲ ತಿಂಗಳುಗಳಲ್ಲಿ ಬೆಳ್ಳೂರಿನ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತು ಬಿದ್ದವು. ಹೊಟ್ಟೆಯಲ್ಲಿ ಜಂತುಹುಳು ತುಂಬಿದ್ದವು, ಮೀನಿನ ಮೂಲಕ ಬಂದದ್ದು. ಅಗಲ ರೆಕ್ಕೆ ಕರೆಂಟ್ ತಂತಿಗೆ ತಗುಲಿ ಸಾಯುವುದೂ ಉಂಟು. ಕೆರೆ ಬತ್ತಿದ ವರ್ಷ ಗೂಡೂ ಕಡಿಮೆ.

ನಮ್ಮ ಕೋರಿಕೆ

ಹೀಗೆ ನೋಡಿದರೆ ಬೆಳ್ಳೂರಿನವರು ಮರ ಕಾಯುತ್ತಾರೆ, ಆದರೆ ಕೆರೆ ಕಾಯಬೇಕಾದವರು ನಾವು, ಸುತ್ತಿನ ಊರಿನವರು. ಇದಕ್ಕಾಗಿ ಸರ್ವ ಸದಸ್ಯರ ಸಭೆಯ ಮುಂದೆ ಮೂರು ವಿಷಯ ಇಡುತ್ತಿದ್ದೇವೆ.

ಒಂದು, ಕೆರೆ ಹೂಳೆತ್ತುವಾಗ ನಾಲ್ಕೂ ಕಡೆ ಕಡಿದು ಬಾವಿಯ ಹಾಗೆ ಮಾಡಬಾರದು. ಒಂದು ಕಡೆಯಾದರೂ ಇಳಿಜಾರು ಬಿಡಬೇಕು. ಕೊಕ್ಕರೆಗೆ ತೆಳು ನೀರು ಬೇಕು ಎಂದು ಮೊದಲೇ ಹೇಳಿದೆವು. ನಮ್ಮ ದನ ನೀರಿಗಿಳಿಯಲೂ ಅದೇ ಇಳಿಜಾರು ಬೇಕು.

ಎರಡು, ಬದುವಿನಲ್ಲಿ, ಗುಂಡುತೋಪಿನಲ್ಲಿ ಪ್ರತಿ ಸದಸ್ಯರ ಲೆಕ್ಕಕ್ಕೆ ಒಂದು ಹುಣಸೆಯೋ ಅರಳಿಯೋ ಹಾಕೋಣ. ಅದರ ನೆರಳು ಸಿಗುವುದು ನಮಗಲ್ಲ, ನಮ್ಮ ಮೊಮ್ಮಕ್ಕಳಿಗೆ. ನಮಗೆ ಸಿಕ್ಕಿದ ಮರಗಳೂ ನಾವು ಹಾಕಿದವಲ್ಲವಲ್ಲ.

ಮೂರು, ಇದು ಮುಖ್ಯವಾದದ್ದು. ಹಕ್ಕಿ ಕೂರುವ ದೊಡ್ಡ ಮರವಿರುವ ಸದಸ್ಯರಿಗೆ ಕಷ್ಟ ಬಂದರೆ, ಮರಕ್ಕೆ ಮುಂಗಡ ಈಸಿಕೊಳ್ಳುವ ಮೊದಲು ಸಂಘಕ್ಕೆ ಬಂದು ಒಂದು ಮಾತು ಹೇಳಲಿ. ಸಂಘದ ನಿಧಿಯಿಂದ ಕೈಗಡವೋ ಮೇವೋ ಕೊಟ್ಟು ಒಂದು ಹಂಗಾಮು ದಾಟಿಸಲು ನಿಯಮ ಮಾಡಿಕೊಳ್ಳೋಣ. 2003ರಲ್ಲಿ ನಮಗೆ ಬೇಕಾಗಿದ್ದದ್ದು ಎರಡೇ ತಿಂಗಳು. ಇದಕ್ಕೆ ನಿರ್ದೇಶಕರಲ್ಲಿ ಕೆಲವರು ಒಪ್ಪಿದ್ದಾರೆ, ಕೆಲವರು ಲೆಕ್ಕಪತ್ರದಲ್ಲಿ ಹೇಗೆ ತೋರಿಸುವುದು ಎಂದು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರವನ್ನು ಎಲ್ಲರೂ ಕೂತು ಹುಡುಕೋಣ.

ಸಹಕಾರ ಎಂದರೆ ಏನು ಎಂದು ಸಂಘದ ತರಬೇತಿಯಲ್ಲಿ ನಮಗೆ ಪಾಠ ಮಾಡಿದ್ದರು. ಆ ಪಾಠ ಚೆನ್ನಾಗಿಯೇ ಇತ್ತು. ಆದರೆ ನಮಗೆ ಅದು ಅರ್ಥವಾದದ್ದು ರಸ್ತೆಯಿಂದ 12 ಕಿ.ಮೀ. ಒಳಗಿರುವ ಆ ಊರಿನಲ್ಲಿ, ಬೈಲಾ ಇಲ್ಲ, ರಸೀತಿ ಪುಸ್ತಕ ಇಲ್ಲ, ತಲೆಮಾರುಗಳಿಂದ ನಡೆದುಬಂದ ಒಂದು ಸಂಘವನ್ನು ಕಂಡಾಗ. ಡೇರಿ ಪುಸ್ತಕದಲ್ಲಿ ಕೊಕ್ಕರೆಗೆ ಇರುವ ಕೆಲಸ ಇದು.

ನಾಳೆ ಬೆಳಗ್ಗೆ ಹಾಲು ಹಾಕಲು ಬಂದಾಗ ಒಂದು ಸಲ ತಲೆ ಎತ್ತಿ ನೋಡಿ. ಬರವಣಿಗೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕೆಂದು ಕೋರುತ್ತಾ, ಸಂಘ ಇನ್ನೂ ನೂರು ಕಾಲ ಬಾಳಲಿ ಎಂದು ಹಾರೈಸುತ್ತೇವೆ.